ದುಂಡು ಮೇಜಿನ ಮೇಲುಜಾಗ

ನಾನು ಸವ್ವಾತಿ ಪಂಕ್ರಾತೊವ್, ಧಣಿಗಳ ಬಾಯಲ್ಲಿ ಬರೀ ಸವ್ಕಾ. ಮಾಸ್ಕೋದ ರಾಯಭಾರ ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತನಾಗಿದ್ದೆ. ಬರೆದು ಬರೆದು ಬಲಗೈಯ ಮೂರು ಬೆರಳುಗಳು ಇವತ್ತಿಗೂ ಲೇಖನಿ ಹಿಡಿದ ಹಾಗೆಯೇ ಮಡಚಿಕೊಂಡಿವೆ. ಪರದೇಶಕ್ಕೆ ಹೋದದ್ದು ಮಾತ್ರ ಒಂದೇ ಸಲ. ಆ ಪ್ರಯಾಣದ ವರದಿ ಸುರುಳಿ ಸುತ್ತಿಕೊಂಡು ಕಚೇರಿಯ ಪೆಟ್ಟಿಗೆಯಲ್ಲಿದೆ. ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ, ಆದರೆ ನಡೆದದ್ದರಲ್ಲಿ ಅರ್ಧವೂ ಇಲ್ಲ. ಉಳಿದರ್ಧವನ್ನು ಈಗ ಹೇಳಬಹುದು. ಅದಕ್ಕಾಗಿ ಪೆಟ್ಟು ತಿನ್ನಬೇಕಾದವನು ನಾನೊಬ್ಬನೇ ಉಳಿದಿದ್ದೇನೆ, ಈ ಮುದುಕನನ್ನು ಹೊಡೆಯುವಷ್ಟು ಪುರುಸೊತ್ತು ಯಾರಿಗೂ ಇಲ್ಲ.

ಜರ್ಮನರ ರೇವುಪಟ್ಟಣ ಹಾಲೆನ್‌ಬುರ್ಗ್‌ನಿಂದ ಒಬ್ಬ ಗಡಿಯಾರದ ಮೇಸ್ತ್ರಿಯನ್ನು ಮೂರು ವರ್ಷದ ಮಟ್ಟಿಗೆ ಕೇಳಿ ಕರೆತರುವುದು ನಮಗೆ ಒಪ್ಪಿಸಿದ ಕೆಲಸ. ಇದಕ್ಕೆ ದೊರೆಗಳು ಇಬ್ಬರು ರಾಯಭಾರಿಗಳನ್ನು ಕಳಿಸಿದರು. ಒಬ್ಬರು ಕುಜ್ಮಾ ಅರ್ತೆಮಿಚ್ ಬರ್ಸುಕೊವ್. ಗಿಡ್ಡ ಆಳು, ಅಗಲ ಮುಖ, ಏನು ಕಂಡರೂ ಮೂಗು ಮುರಿಯುವವರು. ಇನ್ನೊಬ್ಬರು ಯೆರ್ಮೊಲಾಯ್ ಫೊಮಿಚ್ ಲದೀಗಿನ್. ಉದ್ದ, ಸಣಕಲು, ಏನು ಕಂಡರೂ ಬಾಯಿ ಬಿಟ್ಟುಕೊಂಡು ನೋಡುವವರು. ಇಬ್ಬರ ನಡುವೆ ಎಣ್ಣೆ ಸೀಗೆಕಾಯಿ ಸಂಬಂಧ. ಬರ್ಸುಕೊವರ ತಾತನೂ ಲದೀಗಿನ್ನರ ತಾತನೂ ಯಾವುದೋ ರಾಜಮನೆತನದ ಮದುವೆಯ ಊಟದಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದರಂತೆ. ಯಾರು ಮೇಲೆ ಕೂತಿದ್ದರು, ಯಾರು ಕೆಳಗೆ ಎಂಬುದು ಅರವತ್ತು ವರ್ಷವಾದರೂ ತೀರ್ಮಾನವಾಗಿರಲಿಲ್ಲ.

ಇದನ್ನು ಕೇಳಿ ನಗುವವರು ನಮ್ಮ ಊಟದ ಸಾಲಿನಲ್ಲಿ ಕೂತವರಲ್ಲ. ದೇವರ ಪಟವಿರುವ ಮೂಲೆಯ ಕೆಳಗಿನ ಜಾಗ ಎಲ್ಲಕ್ಕಿಂತ ಮೇಲು. ಅಲ್ಲಿಂದ ಬಾಗಿಲ ಕಡೆಗೆ ಒಂದೊಂದು ಮೊಳ ಸರಿದಂತೆ ಮಾನವೂ ಒಂದೊಂದು ಮೆಟ್ಟಿಲು ಇಳಿಯುತ್ತದೆ. ಇವತ್ತು ನೀನು ನನ್ನ ಕೆಳಗೆ ಕೂತೆಯಾದರೆ ನಾಳೆ ನಿನ್ನ ಮಗ ನನ್ನ ಮಗನ ಕೆಳಗೇ ಕೂರಬೇಕು. ಹಾಗಾಗಿ ಕೆಳಗಿನ ಜಾಗಕ್ಕೆ ತಳ್ಳಿಸಿಕೊಂಡ ಮಾನವಂತ ಮೆಲ್ಲಗೆ ಬೆಂಚಿನಿಂದ ಜಾರಿ ಮೇಜಿನ ಅಡಿಗೆ ಇಳಿದುಬಿಡುತ್ತಾನೆ. ಅಲ್ಲಿ ಕೂತವನನ್ನು ಯಾರೂ ಕೆಳಗೆ ಕೂತ ಅನ್ನುವಂತಿಲ್ಲ, ಏಕೆಂದರೆ ಅವನು ಊಟಕ್ಕೇ ಕೂತಿಲ್ಲ.

ದಾರಿಯಲ್ಲಿ ಸಿಕ್ಕ ಇನ್ನೊಂದು ಪಟ್ಟಣದಲ್ಲಿ ಹೀಗೇ ಆಯಿತು. ಜಾಗ ಗೊತ್ತುಮಾಡುವ ಕೆಲಸ ನನ್ನದು. ಆ ಮನೆಯವರು ಕೊನೆಗಳಿಗೆಯಲ್ಲಿ ಒಂದು ಕುರ್ಚಿಯನ್ನು ಈ ಕಡೆಯಿಂದ ಆ ಕಡೆಗೆ ಎಳೆದುಬಿಟ್ಟರು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಲದೀಗಿನ್ ಮೇಜಿನ ಅಡಿಗೆ ಇಳಿದಿದ್ದರು. ಪಾಪ, ಆ ಜನ ಇವರಿಗೆ ಮೂರ್ಛೆ ಬಂತೆಂದು ಕ್ಷೌರಿಕ ವೈದ್ಯನನ್ನು ಕರೆಸಿದರು. ಅವನು ಅಲ್ಲೇ ಮೇಜಿನ ಅಡಿಗೆ ತೂರಿ, ತೋಳಿನ ನರ ಕೊಯ್ದು ಒಂದು ಬೋಗುಣಿ ರಕ್ತ ತೆಗೆದ. ಲದೀಗಿನ್ ಕಮಕ್ ಕಿಮಕ್ ಅನ್ನಲಿಲ್ಲ. ಎದ್ದರೆ ಆ ಜಾಗ ಒಪ್ಪಿಕೊಂಡ ಹಾಗಾಗುತ್ತಿತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡರು.

"ಸವ್ಕಾ, ಇನ್ನೊಂದ್ಸಲ ಹಿಂಗಾಯ್ತೋ, ಊರಿಗೆ ಹೋದ ತಕ್ಷಣ ಕಚೇರಿ ಮುಂದೆ ನಿನಗೆ ದೊಣ್ಣೆ ಪೂಜೆ. ಆಮೇಲೆ ತೊಬೋಲ್ಸ್ಕ್‌ಗೆ ಹೋಗಿ ಸೈಬೀರಿಯಾದ ನರಿ ಚರ್ಮ ಎಣಿಸ್ಕೊಂಡು ಬಿದ್ದಿರು," ಎಂದರು ಬರ್ಸುಕೊವ್.

"ಅವರು ಹೇಳಿದ್ದು ಸರಿ ಅಂತ ಅವರಿಗೆ ಹೇಳು," ಎಂದರು ಪಕ್ಕದಲ್ಲೇ ನಿಂತಿದ್ದ ಲದೀಗಿನ್, ತೋಳಿನ ಪಟ್ಟಿ ನೀವಿಕೊಳ್ಳುತ್ತಾ. ಹೊರಟ ಮೇಲೆ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಅದನ್ನೂ ನನ್ನ ಮೂಲಕವೇ ಒಪ್ಪಿದರು. ಒಬ್ಬರಿಗೊಬ್ಬರು ಉಪ್ಪು ಕೇಳಬೇಕಾದರೂ "ಸವ್ಕಾ, ಆ ಕಡೆಯವರಿಗೆ ಹೇಳು" ಅನ್ನುವುದೇ.

ನನಗೆ ದೊಣ್ಣೆಯ ಹೆದರಿಕೆ ಅಷ್ಟಿರಲಿಲ್ಲ. ಆದರೆ ಊರು ಬಿಟ್ಟಾಗ ನನಗೆ ಮದುವೆಯಾಗಿ ಐದೇ ವಾರವಾಗಿತ್ತು. ಉಸ್ತಿನ್ಯಾಳನ್ನು ತವರಿನಲ್ಲಿ ಬಿಟ್ಟು, ಅಕ್ಟೋಬರ್ ಹಬ್ಬಕ್ಕೆ ಬರುತ್ತೇನೆಂದು ಮಾತು ಕೊಟ್ಟು ಬಂದಿದ್ದೆ. ಅವಳೇನೋ ತೊಬೋಲ್ಸ್ಕ್‌ಗೂ ನನ್ನ ಹಿಂದೆ ಬಂದಾಳು, ಅವಳಪ್ಪ ಮಾತ್ರ ಸತ್ತರೂ ಕಳಿಸುತ್ತಿರಲಿಲ್ಲ. ಅವಳ ಮುಖವನ್ನು ಇನ್ನೂ ಸರಿಯಾಗಿ ನೋಡಿಯೇ ಇಲ್ಲವಲ್ಲ ಎಂದು ಹಡಗಿನ ಮೂಲೆಯಲ್ಲಿ ಕೂತು ನಿಜವಾಗಿ ಅತ್ತುಬಿಟ್ಟೆ.

ಹಾಲೆನ್‌ಬುರ್ಗ್ ತಲುಪಿದ್ದು ಜೂನ್ ತಿಂಗಳಲ್ಲಿ. ಊರಿಡೀ ಕೆಂಪು ಇಟ್ಟಿಗೆ, ತಾಮ್ರದ ಹಸಿರು ಟೋಪಿ ಹಾಕಿಕೊಂಡ ಚೂಪು ಗೋಪುರಗಳು. ರಾಯಭಾರಿಗಳು ಕಂಡದ್ದನ್ನೆಲ್ಲ ದಿನದಿನವೂ ಬರೆಯುವುದು ನನ್ನ ಕರ್ತವ್ಯ. ಅದಕ್ಕೊಂದು ಕ್ರಮವಿದೆ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು, ಆದರೆ ಮಾಸ್ಕೋಗಿಂತ ಚೆನ್ನಾಗಿ ಕಾಣಬಾರದು.

"ಬರ್ಕೋ," ಎಂದರು ಬರ್ಸುಕೊವ್, ಹಡಗಿನಿಂದ ಇಳಿದು ನೂರು ಹೆಜ್ಜೆ ಹಾಕುವಷ್ಟರಲ್ಲಿ. "ಊರು ನಮ್ಮ ತ್ವೆರ್‌ಗಿಂತ ಸಣ್ಣದು. ಅಂಗಳ ಇಲ್ಲ, ಬೇಲಿ ಇಲ್ಲ, ಹಸು ಇಲ್ಲ. ಬಡತನಕ್ಕೆ ಗೋಡೆಗೆ ಗೋಡೆ ಅಂಟಿಸ್ಕೊಂಡು ಬದುಕ್ತಾರೆ."

"ಒಂದು ಮನೆಗೆ ಬೆಂಕಿ ಬಿದ್ರೆ ಬೀದಿಗೆ ಬೀದಿನೇ ಹೋಗುತ್ತಲ್ವಾ, ಕೇಳು," ಎಂದರು ಲದೀಗಿನ್.

ನಮ್ಮ ದುಭಾಷಿ ಮಾರ್ಟಿನ್ ಕ್ಲುಗೆ ಆ ಊರಿನವನೇ. ನೊವ್‌ಗೊರೊದ್‌ನಲ್ಲಿ ಹನ್ನೆರಡು ವರ್ಷ ತುಪ್ಪಳದ ವ್ಯಾಪಾರ ಮಾಡಿದ್ದರಿಂದ ನಮ್ಮ ಮಾತು ನೀರು ಕುಡಿದಷ್ಟು ಸಲೀಸು. ಅವನು, "ಇಟ್ಟಿಗೆ ಸ್ವಾಮಿ, ಉರಿಯಲ್ಲ. ನಮ್ಮಜ್ಜನ ಕಾಲದಿಂದ ಇಲ್ಲಿ ದೊಡ್ಡ ಬೆಂಕಿ ಅಂತ ಆಗಿಲ್ಲ," ಎಂದ.

ಲದೀಗಿನ್ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಬರ್ಸುಕೊವ್ ಪಕ್ಕದ ಗೋಡೆಯನ್ನೊಮ್ಮೆ ನೋಡಿ, "ಊರು ಸುಡದೆ ಇದ್ರೆ ಹೊಸ ಮನೆ ಕಟ್ಟೋದು ಯಾವಾಗ? ಅಜ್ಜ ಸತ್ತ ಮಂಚದಲ್ಲೇ ಮೊಮ್ಮಗನೂ ಸಾಯ್ಬೇಕು. ಬರ್ಕೋ, ಹಳೇ ಊರು," ಎಂದರು. ಬರೆದುಕೊಂಡೆ.

ಬೀದಿಗಳನ್ನು ಸಾಬೂನು ಹಾಕಿ ತೊಳೆಯುತ್ತಿದ್ದರು. ನಾವು ಇಳಿದುಕೊಂಡ ಮನೆಯ ಯಜಮಾನಿ ಬರ್ಸುಕೊವರ ಬೂಟಿನ ಹಿಂದೆ ಹಿಂದೆಯೇ ಪೊರಕೆ ಹಿಡಿದು ಬರುತ್ತಿದ್ದಳು. ಅವರು ನಿಂತರೆ ನಿಲ್ಲುವಳು, ನಡೆದರೆ ಗುಡಿಸುವಳು. ಅದನ್ನು ಗೌರವದ ಪದ್ಧತಿಯೆಂದು ತಿಳಿದು ಬರ್ಸುಕೊವ್ ವರದಿಯಲ್ಲಿ ಸೇರಿಸಲು ಹೇಳಿದರು. ಹೆಂಗಸರು ಒಬ್ಬೊಬ್ಬರೇ ಪೇಟೆಗೆ ಹೋಗಿ ಮೀನಿನವನ ಜೊತೆ ಗಟ್ಟಿ ಗಂಟಲಲ್ಲಿ ಚೌಕಾಸಿ ಮಾಡಿ ಮನೆಗೆ ಬರುತ್ತಾರೆ, ಅದರಿಂದ ಯಾರ ಮನೆಯೂ ಮುಳುಗಿಲ್ಲ ಎಂದು ನಾನಾಗಿ ಒಂದು ಸಾಲು ಬರೆದು, ಆಮೇಲೆ ಹೆದರಿ ಹೊಡೆದುಹಾಕಿದೆ.

ಲದೀಗಿನ್ನರಿಗೆ ಮರುಳು ಹಿಡಿಸಿದ್ದು ಕಿಟಕಿಗಳು. ಬೀದಿಗೆ ನೇರ ತೆರೆದ ದೊಡ್ಡ ದೊಡ್ಡ ಗಾಜು. ಒಳಗೆ ಜನ ಕೂತು ಉಣ್ಣುವುದು ಹೊರಗೆ ಹೋಗುವವರಿಗೆಲ್ಲ ಕಾಣುತ್ತದೆ. ನಮ್ಮಲ್ಲಿ ಬೇಲಿ, ಬೇಲಿಯೊಳಗೆ ನಾಯಿ, ಆಮೇಲೆ ಅಂಗಳ, ಅದರಾಚೆ ಮನೆ. ಅದರ ಕಿಟಕಿಗೂ ಗಾಜಲ್ಲ, ಒಳಗಿನದು ಕಾಣದ ಮಸುಕು ಅಭ್ರಕದ ಹಾಳೆ. ಉಣ್ಣುವವನ ಬಾಯಿ ಕಂಡರೆ ದೃಷ್ಟಿ ತಾಗುತ್ತದೆ ಎನ್ನುವವರು ನಾವು. ಲದೀಗಿನ್ ಒಂದು ಕಿಟಕಿಯ ಎದುರು ನಿಂತು ಒಂದು ಸಂಸಾರ ಪೂರಾ ಸೂಪು ಕುಡಿದು ಮುಗಿಸುವವರೆಗೆ ನೋಡಿದರು. ಒಳಗಿನವರು ತಲೆದೂಗಿದರು. ಇವರು ಸೊಂಟದವರೆಗೆ ಬಗ್ಗಿ ನಮಸ್ಕರಿಸಿದರು. ಅವರೆಲ್ಲ ಎದ್ದು ನಿಂತು ತಿರುಗಿ ನಮಸ್ಕರಿಸಿದರು. ಮರುದಿನ ಅದೇ ಹೊತ್ತಿಗೆ ಮತ್ತೆ ಹೋದರು.

"ಸವ್ಕಾ, ಅವರು ಎದುರುಬದುರು ಕೂತು ಉಣ್ತಾರೆ ಕಣೋ. ಗಂಡ ಈ ಕಡೆ, ಹೆಂಡತಿ ಆ ಕಡೆ. ಅವಳೂ ಕೂತಿರ್ತಾಳೆ. ನಿಂತು ಬಡಿಸೋದಿಲ್ಲ."

"ಬರೀಲಾ ಧಣಿ?"

"ಬೇಡ. ಸುಮ್ನೆ ನಿನಗೆ ಹೇಳ್ದೆ."

ಒಂದು ವಾರ ಹೀಗೆ ಕಳೆಯಿತು. ಪಟ್ಟಣದ ಯಜಮಾನರು ಗಡಿಯಾರದ ಮೇಸ್ತ್ರಿಯನ್ನು ಕಳಿಸಿಕೊಡಲು ಒಪ್ಪಿದರು. ಇನ್ನು ಕರಾರಿಗೆ ಸಹಿ ಬೀಳುವುದೊಂದೇ ಬಾಕಿ. ಅದಕ್ಕೆ ಮುಂಚೆ ಸಭೆಯವರೆಲ್ಲರ ಜೊತೆ ಮಧ್ಯಾಹ್ನದ ಊಟ ಎಂದು ಕರೆ ಬಂತು. ನಾನು ಬುದ್ಧಿ ಕಲಿತಿದ್ದೆ. ಎರಡು ದಿನ ಮುಂಚೆಯೇ ಕ್ಲುಗೆಯ ಜೊತೆ ಊಟದ ಜಾಗ ನೋಡಲು ಹೋದೆ.

ಅದು ಕೋಟೆಬಾಗಿಲ ಪಕ್ಕದ ಹಳೆಯ ಗೋಪುರದ ಮೇಲಂತಸ್ತು. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಕೋಣೆ ದುಂಡಗಿತ್ತು. ನಡುವಿದ್ದ ಮೇಜೂ ದುಂಡಗಿತ್ತು.

"ಮೂಲೆ ಎಲ್ಲಿ?" ಎಂದೆ.

"ಗೋಪುರಕ್ಕೆ ಮೂಲೆ ಎಲ್ಲಿಂದ ಬರುತ್ತಯ್ಯಾ?"

"ಹೋಗ್ಲಿ, ಮೇಜಿನ ತಲೆ ಯಾವ ಕಡೆ?"

"ರೊಟ್ಟಿಗೆ ತಲೆ ಯಾವ ಕಡೆ, ಕಾಲು ಯಾವ ಕಡೆ? ಹಂಗೇ ಇದೂನೂ."

"ನಿಮ್ಮ ಯಜಮಾನ್ರು ಎಲ್ಲಿ ಕೂರ್ತಾರೆ?"

"ಮೊದಲು ಬಂದ್ರೆ ಒಲೆ ಹತ್ರ. ತಡವಾಗಿ ಬಂದ್ರೆ ಬಾಗಿಲ ಗಾಳಿಗೆ. ಹೋದ ಸಲ ನೆಗಡಿ ಹಿಡಿಸ್ಕೊಂಡ್ರು."

"ಹಂಗಾದ್ರೆ ಯಾರಿಗೆ ಅವಮಾನ ಆಯ್ತು ಅಂತ ನಿಮಗೆ ಗೊತ್ತಾಗೋದು ಹೇಗೆ?"

ಕ್ಲುಗೆ ಗಲ್ಲ ಕೆರೆದುಕೊಂಡು ಯೋಚಿಸಿದ. "ಗೊತ್ತಾಗಲ್ಲ ಕಣಪ್ಪ. ಅದಕ್ಕೇ ಇರಬೇಕು ಈ ಮೇಜು ಮಾಡ್ಸಿರೋದು."

ಬೇರೆ ಮೇಜು ಹಾಕಿಸಪ್ಪಾ, ಉದ್ದ ಹಲಗೆಯಾದರೂ ಆದೀತು ಎಂದು ಅಂಗಲಾಚಿದೆ. ಅವನು ಅಡ್ಡಡ್ಡ ತಲೆಯಾಡಿಸಿದ. ಅವರ ಊರಿನ ಕರಾರುಗಳಿಗೆಲ್ಲ ಸಹಿ ಬೀಳುವುದು ಈ ಮೇಜಿನ ಮೇಲೆಯೇ, ಅದೂ ಊಟವಾದ ಮೇಲೆಯೇ. ಜೊತೆಗೆ ಕೂತು ಉಣ್ಣದವರ ಜೊತೆ ಅವರು ಯಾವ ಕರಾರೂ ಮಾಡಿಕೊಳ್ಳುವುದಿಲ್ಲ. ಅಂದರೆ ನನ್ನ ಇಬ್ಬರು ಧಣಿಗಳೂ ಈ ಮೇಜಿಗೆ ಕೂರಬೇಕು, ಕೂತು ಉಣ್ಣಬೇಕು, ಒಬ್ಬರೂ ಅಡಿಗೆ ಜಾರಬಾರದು. ಇಲ್ಲದಿದ್ದರೆ ಮೇಸ್ತ್ರಿ ಇಲ್ಲ. ಮೇಸ್ತ್ರಿ ಇಲ್ಲದಿದ್ದರೆ ನನಗೆ ತೊಬೋಲ್ಸ್ಕ್.

ಆ ದಿನ ಸಂತೆಚೌಕದ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಬಿಸಿಲು ಇಳಿಯುವವರೆಗೂ ಯೋಚಿಸಿದೆ. ಕಲ್ಲಿನ ಮನುಷ್ಯನೊಬ್ಬ ಬಿಡದೆ ಬಾಯಿಂದ ನೀರು ಸುರಿಸುತ್ತಿದ್ದ. ಇವನು ಉಸಿರಾಡುವುದು ಯಾವಾಗ ಎಂದು ಲದೀಗಿನ್ ಹಿಂದಿನ ದಿನ ಕೇಳಿದ್ದರು. ನನಗೂ ಉಸಿರು ಕಟ್ಟಿದಂತಿತ್ತು. ಪೂರ್ವದಿಕ್ಕಿನ ಜಾಗ ಮೇಲೆನ್ನೋಣವೇ? ಒಲೆಯ ಹತ್ತಿರದ್ದು? ಬಾಗಿಲಿಗೆ ದೂರದ್ದು? ಆ ಕೋಣೆಗೋ ಎದುರುಬದುರಾಗಿ ಎರಡು ಬಾಗಿಲು. ಒಂದು ಮೆಟ್ಟಿಲ ಕಡೆಯದು, ಇನ್ನೊಂದು ಕೋಟೆಗೋಡೆಯ ಮೇಲಿಂದ ಬರುವುದು.

ಮರುದಿನ ಬೆಳಿಗ್ಗೆ ಎದ್ದಾಗ ರಾಯಭಾರಿಗಳಿಬ್ಬರೂ ಪ್ರಾರ್ಥನೆ ಮಾಡುತ್ತಿದ್ದರು. ನಮ್ಮ ದೊಡ್ಡ ಮನುಷ್ಯರಲ್ಲಿ ಅವರವರ ದೇವರ ಪಟ ಅವರವರಿಗೆ. ಒಬ್ಬನ ಪಟಕ್ಕೆ ಇನ್ನೊಬ್ಬ ಕೈಮುಗಿದರೆ ಪುಣ್ಯ ಕದ್ದ ಎಂದು ಜಗಳವಾಗುತ್ತದೆ. ಬರ್ಸುಕೊವ್ ತಮ್ಮ ಸಂತ ನಿಕೊಲಾಯನ ಪಟವನ್ನು ಒಂದು ಗೋಡೆಗೆ ನೇತುಹಾಕಿದ್ದರು. ಲದೀಗಿನ್ ತಮ್ಮ ದೇವಮಾತೆಯ ಪಟವನ್ನು ಎದುರು ಗೋಡೆಗೆ. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು ಬಗ್ಗುತ್ತಿದ್ದರು, ಏಳುತ್ತಿದ್ದರು. ಬಗ್ಗಿದಾಗ ಹಿಂಭಾಗಗಳು ಡಿಕ್ಕಿ ಹೊಡೆದರೆ ಇಬ್ಬರೂ ಕೇಳದವರಂತೆ ಗಟ್ಟಿಯಾಗಿ ಜಪಿಸುತ್ತಿದ್ದರು.

ನೋಡುತ್ತಾ ನಿಂತವನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಈ ಬಾಡಿಗೆ ಮನೆಯಲ್ಲಿ ದೇವರ ಮೂಲೆ ಎಲ್ಲಿತ್ತು? ನಾವೇ ಪಟ ಹಾಕಿ ಮಾಡಿಕೊಂಡದ್ದಲ್ಲವೇ? ಪಟವಿದ್ದ ಕಡೆ ಮೇಲುಜಾಗ. ಪಟಗಳು ಎರಡಿವೆ.

ಗೋಪುರದ ಗೋಡೆಯ ಸುತ್ತ ಕಂದೀಲು ತೂಗುವ ಎಂಟು ಕೊಕ್ಕೆಗಳಿದ್ದದ್ದನ್ನು ಕಂಡಿದ್ದೆ. ಅವುಗಳಲ್ಲಿ ನೇರ ಎದುರುಬದುರಾದ ಎರಡನ್ನು ಕ್ಲುಗೆಯಿಂದ ಕೇಳಿ ಪಡೆದೆ. ಆಮೇಲೆ ಬರ್ಸುಕೊವರ ಹತ್ತಿರ ಹೋದೆ.

"ಧಣಿ, ತಾವು ತಮ್ಮ ನಿಕೊಲಾಯ ಸಂತರ ಕೆಳಗೇ ಕೂರ್ತೀರಿ."

"ಆತ?"

"ತಮ್ಮ ಸಂತರಿಂದ ಆ ಮೇಜಿನಲ್ಲಿ ಎಷ್ಟು ದೂರ ಹೋಗಬಹುದೋ ಅಷ್ಟು ದೂರದಲ್ಲಿ."

"ಭೇಷ್. ಒಳಗೆ ಮೊದಲು ಹೋಗೋದು ಯಾರು?"

"ತಮ್ಮ ಬಾಗಿಲಲ್ಲಿ ತಾವೇ ಧಣಿ. ತಮ್ಮ ಮುಂದೆ ಒಂದು ನೊಣವೂ ಹೋಗಲ್ಲ."

ಲದೀಗಿನ್ನರ ಹತ್ತಿರ ಹೋಗಿ ಸಂತನ ಬದಲು ದೇವಮಾತೆ ಎಂದು ಹೇಳಿ ಉಳಿದದ್ದನ್ನೆಲ್ಲ ಹಾಗೆಯೇ ಹೇಳಿದೆ. ಎರಡೂ ಕಡೆ ಹೇಳಿದ್ದು ನಿಜವೇ.

ಊಟದ ದಿನ ಮಧ್ಯಾಹ್ನ ಹನ್ನೆರಡು ಜನ ಕಪ್ಪು ಕೋಟಿನ ಸಭಿಕರು ಮೇಜಿನ ಸುತ್ತ ನಿಂತು ಕಾಯುತ್ತಿದ್ದರು. ಎರಡೂ ಬಾಗಿಲುಗಳು ಒಟ್ಟಿಗೆ ತೆರೆದವು. ಒಂದರಿಂದ ಬರ್ಸುಕೊವ್ ಬಂದರು, ಇನ್ನೊಂದರಿಂದ ಲದೀಗಿನ್. ಇಬ್ಬರೂ ಮೊದಲು ಬಂದರು. ಇಬ್ಬರೂ ತಮ್ಮ ತಮ್ಮ ಪಟಕ್ಕೆ ತಿರುಗಿ ಶಿಲುಬೆಯ ಗುರುತು ಹಾಕಿಕೊಂಡು ಬಗ್ಗಿದರು, ಬೀಗುತ್ತಾ ಕೂತರು. ನಾನು ಗೋಡೆಗೆ ಒರಗಿ ನಿಂತಿದ್ದೆ.

ಕೂತ ಮೇಲೆ ಬರ್ಸುಕೊವ್ ತಲೆಯೆತ್ತಿದರು. ಲದೀಗಿನ್ನರ ತಲೆಯ ಮೇಲೆ ದೇವಮಾತೆ ಕಂಡಳು. ಹುಬ್ಬು ಮೇಲೇರಿತು. ಅದೇ ಹೊತ್ತಿಗೆ ಲದೀಗಿನ್ನರಿಗೂ ಬರ್ಸುಕೊವರ ತಲೆಯ ಮೇಲೆ ನಿಕೊಲಾಯ ಕಂಡ. ಇಬ್ಬರೂ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಚಾವಣಿಯ ತೊಲೆಗಳನ್ನು ಎಣಿಸತೊಡಗಿದೆ. ಏಳು ಇದ್ದವು. ಮತ್ತೆ ಕಣ್ಣು ಇಳಿಸಿದಾಗ ಲದೀಗಿನ್ನರ ಬಲಗೈ ಕುರ್ಚಿಯ ಅಂಚನ್ನು ಹಿಡಿದಿತ್ತು. ಆ ಕೈ ನನಗೆ ಗೊತ್ತು. ಜಾರುವ ಮುಂಚಿನ ಕೈ ಅದು. ಬರ್ಸುಕೊವರ ಕೈಯೂ ತನ್ನ ಕುರ್ಚಿಯ ಅಂಚಿಗೆ ಹೋಯಿತು. ಉಸ್ತಿನ್ಯಾ, ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಮೊದಲ ತಿನಿಸು ಬಂತು. ದೊಡ್ಡ ಬೆಳ್ಳಿ ತಟ್ಟೆಯ ತುಂಬ ಹಸಿ ಎಲೆ. ಬೇಯಿಸಿದ್ದಲ್ಲ, ಪೀಪಾಯಿಯಲ್ಲಿ ಹುಳಿ ಹಿಡಿಸಿದ್ದಲ್ಲ. ಕಿತ್ತು, ತೊಳೆದು, ಮೇಲೆ ಎಣ್ಣೆ ಹುಳಿ ಚಿಮುಕಿಸಿದ ಹಸಿ ಹಸಿ ಸೊಪ್ಪು. ನಮ್ಮಲ್ಲಿ ಹೀಗೆ ತಿನ್ನುವವರಿಗೆ ನಾಲ್ಕು ಕಾಲಿರುತ್ತವೆ. ಸೇವಕರು ಅತಿಥಿಗಳಿಬ್ಬರ ಮುಂದೆ ಒಂದೊಂದು ರಾಶಿ ಬಡಿಸಿದರು. ಅತಿಥಿಗಳು ಬಾಯಿಗೆ ಹಾಕದೆ ತಾವು ಹಾಕುವಂತಿಲ್ಲವೆಂದು ಸಭಿಕರೆಲ್ಲ ಕಾದು ಕೂತರು.

ಬರ್ಸುಕೊವ್ ತಟ್ಟೆಯನ್ನು ನೋಡಿದರು. ಎದುರಿಗಿದ್ದ ಲದೀಗಿನ್ನರನ್ನು ನೋಡಿದರು. ನಾಲ್ಕು ತಿಂಗಳಲ್ಲಿ ಮೊದಲ ಸಲ ನನ್ನನ್ನು ನಡುವೆ ಎಳೆಯದೆ ಮಾತಾಡಿದರು.

"ಯೆರ್ಮೊಲಾಯ್ ಫೊಮಿಚ್, ಇದೇನ್ರೀ, ನಮ್ಮನ್ನ ಮೇಯಿಸ್ತಾ ಇದಾರಾ?"

"ಹಂಗೇ ಕಾಣುತ್ತೆ ಕುಜ್ಮಾ ಅರ್ತೆಮಿಚ್. ಇದಾದ್ಮೇಲೆ ಲಗಾಮು ತರ್ತಾರೇನೋ ನೋಡೋಣ."

"ಎಲ್ರೂ ನಮ್ಮನ್ನೇ ನೋಡ್ತಿದಾರೆ. ನೀವು ಮೊದಲು ತಗೊಳ್ಳಿ."

"ಎಲ್ಲಾದ್ರೂ ಉಂಟಾ. ತಾವಿರುವಾಗ ನಾನು ಮೊದಲು ಕೈ ಹಾಕೋದಾ?"

"ಯಾಕೆ ಹಾಕಬಾರದು? ಮೇಲುಜಾಗದಲ್ಲಿ ಕೂತಿರೋರು ನೀವಲ್ವಾ. ನಿಮ್ಮ ತಾತ ಆ ಮದುವೇಲಿ ನಮ್ಮ ತಾತನಿಗಿಂತ ಮೇಲೇ ಕೂತಿದ್ರಂತೆ."

"ಛೆ ಛೆ, ಯಾರು ಹೇಳಿದ್ದು? ಕೆಳಗೆ ಕೂತಿದ್ರು. ಎರಡು ಜಾಗ ಕೆಳಗೆ. ನಮ್ಮಪ್ಪನೇ ಹೇಳ್ತಿದ್ರು."

ಅರವತ್ತು ವರ್ಷದ ವ್ಯಾಜ್ಯ ಒಂದು ಹಿಡಿ ಸೊಪ್ಪಿನ ಎದುರು ಹೀಗೆ ತಲೆಕೆಳಗಾಯಿತು. ತಾವಾಡಿದ ಮಾತು ತಮ್ಮ ಕಿವಿಗೇ ಬಿದ್ದು ಇಬ್ಬರೂ ಗಕ್ಕನೆ ಮಾತು ನಿಲ್ಲಿಸಿದರು. ಮೊದಲು ಲದೀಗಿನ್ನರ ಗಡ್ಡ ಅಲುಗಿತು, ಆಮೇಲೆ ಬರ್ಸುಕೊವರ ಹೊಟ್ಟೆ. ನೋಡನೋಡುತ್ತಿದ್ದಂತೆ ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಸಭಿಕರು ಗಾಬರಿಯಾಗಿ ಕ್ಲುಗೆಯ ಕಡೆ ನೋಡಿದರು. ಅವನು ಏನೋ ಹೇಳಿದ, ಅವರೂ ನಕ್ಕರು. ಏನು ಹೇಳಿದೆ ಎಂದು ಆಮೇಲೆ ಕೇಳಿದೆ. "ನಮ್ಮ ಅಡುಗೆಗೆ ಮೆಚ್ಚಿ ನಗ್ತಿದಾರೆ ಅಂದೆ. ಇನ್ನೇನು ಹೇಳ್ಲಿ?" ಎಂದ.

ಕೊನೆಗೆ ಬರ್ಸುಕೊವ್ ಮೂರು ಬೆರಳೆತ್ತಿ ಒಂದು, ಎರಡು, ಮೂರು ಎಂದರು. ಇಬ್ಬರೂ ಒಟ್ಟಿಗೆ ಒಂದೊಂದು ಎಲೆ ಬಾಯಿಗೆ ಹಾಕಿಕೊಂಡು, ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟು ಅಗಿದರು. ನಮ್ಮ ಬೆಂಚುಗಳು ಗೋಡೆಯುದ್ದಕ್ಕೂ ಇರುತ್ತವೆ. ಒಂದೇ ಸಾಲಿನಲ್ಲಿ ಮೇಲೆ ಕೆಳಗೆ ಕೂತವರಿಗೆ ಒಬ್ಬರ ಭುಜ ಇನ್ನೊಬ್ಬರಿಗೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಅವರಿಬ್ಬರೂ ಎಷ್ಟು ಹಬ್ಬಗಳಲ್ಲಿ ಪಕ್ಕಪಕ್ಕ ಕೂತಿದ್ದರೋ, ಒಬ್ಬರು ಉಣ್ಣುವುದನ್ನು ಇನ್ನೊಬ್ಬರು ನೋಡಿದ್ದು ಅದೇ ಮೊದಲು. ಬರ್ಸುಕೊವ್ ತಮ್ಮ ಗಡ್ಡ ಮುಟ್ಟಿ ತೋರಿಸಿದರು. ಲದೀಗಿನ್ ತಮ್ಮ ಗಡ್ಡದಲ್ಲಿದ್ದ ಎಲೆಯ ಚೂರನ್ನು ತೆಗೆದುಕೊಂಡರು.

ಆಮೇಲೆ ಮೀನು ಬಂತು, ಬಾತುಕೋಳಿ ಬಂತು. ಮಾತು ನಿಲ್ಲಲಿಲ್ಲ. ಬೆಂಕಿಯ ವಿಷಯ ಬಂದಾಗ ಬರ್ಸುಕೊವ್ ಚಮಚ ಕೆಳಗಿಟ್ಟರು.

"ನಮ್ಮನೆ ಮೂರು ಸಲ ಸುಟ್ಟಿದೆ. ಮೂರನೇ ಸಲ ನಮ್ಮಮ್ಮ ಒಳಗಿದ್ರು. ಈ ಊರಿಗೆ ಬಂದಾಗಿಂದ ಯಾರೂ ಇಲ್ಲದಾಗ ಗೋಡೆ ಮುಟ್ಟಿ ಮುಟ್ಟಿ ನೋಡ್ತೀನಿ. ಎಷ್ಟು ತಣ್ಣಗಿದೆ ಗೊತ್ತಾ?"

ಲದೀಗಿನ್ ತಮ್ಮ ತಟ್ಟೆಯಲ್ಲಿದ್ದ ಬಾತುಕೋಳಿಯ ಒಳ್ಳೆಯ ತುಂಡನ್ನು ಎತ್ತಿ, ಮೇಜಿನ ಮೇಲೆ ಬಗ್ಗಿ, ಉದ್ದ ಕೈ ಚಾಚಿ ಅವರ ತಟ್ಟೆಗೆ ಹಾಕಿದರು. ನನಗೆ ಬರ್ಸುಕೊವರನ್ನು ಕಂಡರೆ ಆವತ್ತಿನವರೆಗೆ ಬರೀ ಭಯವಿತ್ತು. ಆವತ್ತಿನಿಂದ ಪ್ರೀತಿಯೂ ಬಂತು.

ಕರಾರಿಗೆ ಸಹಿ ಬಿತ್ತು, ಮೇಸ್ತ್ರಿ ನಮ್ಮ ಜೊತೆ ಹಡಗು ಹತ್ತಿದ. ಆದರೆ ನನ್ನ ಕಷ್ಟ ಮುಗಿಯಲಿಲ್ಲ. ಯಾವ ಊಟದಲ್ಲಿ ಯಾರು ಎಲ್ಲಿ ಕೂತಿದ್ದರೆಂದು ವರದಿಯಲ್ಲಿ ಬರೆಯಲೇಬೇಕು. ಹಿಂದಿರುಗುವ ಹಡಗಿನಲ್ಲಿ ಇಬ್ಬರೂ ದಿನವಿಡೀ ಎದುರುಬದುರು ಕೂತು ಚದುರಂಗ ಆಡುತ್ತಿದ್ದರು. ಆಟ ಮುಗಿದ ಮೇಲೆ ಬರ್ಸುಕೊವ್ ನನ್ನನ್ನು ಪಕ್ಕಕ್ಕೆ ಕರೆದರು.

"ಸವ್ಕಾ, ಆತ ಬಂಗಾರದಂಥ ಮನುಷ್ಯ. ನನಗೆ ಏನೂ ಇಲ್ಲಪ್ಪ. ಆದ್ರೆ ನಾಳೆ ನನ್ನ ಮಗನ ಗತಿ? ಮೇಲುಜಾಗ ನನ್ನದು ಅಂತ ಬರಿ."

ಸ್ವಲ್ಪ ಹೊತ್ತಿಗೆ ಲದೀಗಿನ್ ಬಂದರು. "ಸವ್ಕಾ, ಆತನಂಥವರು ಸಿಗೋದಿಲ್ಲ ಕಣೋ. ಆದ್ರೆ ನನಗೆ ಮೂರು ಜನ ಗಂಡುಮಕ್ಕಳು."

ಒಬ್ಬರನ್ನು ಮೇಲೆ ಬರೆದರೆ ಇನ್ನೊಬ್ಬರು ದೂರು ಕೊಡಲೇಬೇಕು. ಕೊಡದಿದ್ದರೆ ಅವರ ಮಕ್ಕಳೇ ಅವರನ್ನು ಕ್ಷಮಿಸುವುದಿಲ್ಲ. ದೂರು ಬಂದರೆ ತಪ್ಪು ಗುಮಾಸ್ತನದು. ಇಬ್ಬರನ್ನೂ ಮೇಲೆ ಬರೆದರೆ ಕಚೇರಿಯಲ್ಲಿ ಹಾಡುಹಗಲೇ ಸುಳ್ಳು ಬರೆದವನೆನಿಸಿಕೊಳ್ಳುತ್ತೇನೆ. ಹಡಗು ಓಲಾಡುತ್ತಿತ್ತು, ನಾನೂ ಓಲಾಡುತ್ತಿದ್ದೆ.

ಸೆಪ್ಟೆಂಬರ್ ಕೊನೆಗೆ ಮಾಸ್ಕೋ ಸೇರಿದೆವು. ಉಸ್ತಿನ್ಯಾಳ ತವರುಮನೆಯ ಮುಂದೆಯೇ ಗಾಡಿ ಹಾದುಬಂತು. ಇಳಿಯುವಂತಿರಲಿಲ್ಲ, ವರದಿ ಒಪ್ಪಿಸದೆ ಮನೆಗೆ ಹೋಗುವ ಹಾಗಿಲ್ಲ. ಕಚೇರಿಯ ಹಿರಿಯ ಕಾರ್ಯದರ್ಶಿ ಗೆರಾಸಿಮ್ ಸೆಮ್ಯೊನಿಚ್‌ಗೆ ಕಾಲು ನೋವು. ಕಾಲು ನೋವಿದ್ದ ದಿನ ಗುಮಾಸ್ತರ ಬೆನ್ನಿಗೂ ನೋವು ಬರುತ್ತಿತ್ತು. ಮೇಜಿನ ಮೇಲೆ ನನ್ನ ವರದಿಯ ಸುರುಳಿಯನ್ನು ಬಿಚ್ಚುತ್ತಾ ಬಿಚ್ಚುತ್ತಾ ಹಾಲೆನ್‌ಬುರ್ಗ್‌ನ ಊಟಕ್ಕೆ ಬಂದವರು ಅಲ್ಲೇ ನಿಂತರು.

"ಇದೇನು, ಬಾಂಡಲೆ ಬರೆದಿದೀಯ?"

"ಮೇಜು ಸ್ವಾಮಿ. ಅಲ್ಲಿ ಹಿಂಗೇ ಇರುತ್ತೆ."

ನಾನು ಬರೆದದ್ದು ಒಂದು ದೊಡ್ಡ ವೃತ್ತ. ಅದರ ಸುತ್ತ, ಅಕ್ಷರಗಳ ತಲೆ ಹೊರಗೆ ಕಾಲು ಒಳಗೆ ಮಾಡಿ ಬರೆದ ಹೆಸರುಗಳು. ಬರ್ಸುಕೊವರದು ಒಂದು ತುದಿಗೆ, ಲದೀಗಿನ್ನರದು ನೇರ ಎದುರು ತುದಿಗೆ.

"ಮೇಲೆ ಇರೋದು ಬರ್ಸುಕೊವ್," ಎಂದರು ಕಾರ್ಯದರ್ಶಿ.

"ತಾವು ಈ ಕಡೆ ನಿಂತು ನೋಡಿದ್ರೆ ಹೌದು ಸ್ವಾಮಿ."

ಸುರುಳಿ ಇಪ್ಪತ್ತು ಮೊಳ ಉದ್ದ. ಅದನ್ನು ತಿರುಗಿಸುವ ಹಾಗಿರಲಿಲ್ಲ. ಕಾರ್ಯದರ್ಶಿ ಕೋಲೂರಿಕೊಂಡು, ನನ್ನನ್ನು ಬೈಯುತ್ತಾ ಮೇಜನ್ನು ಸುತ್ತಿ ಆ ಕಡೆಗೆ ಹೋದರು.

"ಈಗ ಲದೀಗಿನ್ ಮೇಲೆ."

"ಹೌದು ಸ್ವಾಮಿ."

ಮತ್ತೆ ಈ ಕಡೆಗೆ ಬಂದರು. ಉಸಿರು ಬಿಟ್ಟರು. ಅವರ ಮುಖ ಕೆಂಪಗಾಗಿತ್ತು.

"ದೊರೆಗಳ ಮುಂದೆ ಇದನ್ನ ಇಟ್ಟಾಗ ಅವರು ಎಲ್ಲಿ ನಿಂತು ನೋಡಬೇಕು ಅಂತೀಯೋ?"

ನನ್ನ ಬಾಯಿ ತಾನಾಗಿಯೇ ಆಡಿತು. "ದೊರೆಗಳು ಮೇಲಿಂದ ನೋಡ್ತಾರೆ ಸ್ವಾಮಿ."

ಕಾರ್ಯದರ್ಶಿ ರಾಯಭಾರಿಗಳಿಬ್ಬರನ್ನೂ ಕರೆಸಿದರು. ಈ ಬರವಣಿಗೆಗೆ ತಕರಾರಿಲ್ಲದಿದ್ದರೆ ಸಹಿ ಹಾಕಿ ಎಂದರು. ಬರ್ಸುಕೊವ್ ಮೇಜಿನ ಈ ಕಡೆ ನಿಂತು ನೋಡಿದರು, ಲದೀಗಿನ್ ಆ ಕಡೆ ನಿಂತು ನೋಡಿದರು. ಪ್ರತಿಯೊಬ್ಬರಿಗೂ ತಮ್ಮ ಹೆಸರು ನೆಟ್ಟಗೆ, ಮೇಲುಗಡೆ ಕಂಡಿತು. ಅವರು ಕಾಗದದಿಂದ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಬರ್ಸುಕೊವ್ ಮೂರು ಬೆರಳೆತ್ತಿದರು. ಒಂದು, ಎರಡು, ಮೂರಕ್ಕೆ ಇಬ್ಬರೂ ಒಟ್ಟಿಗೆ ಬಗ್ಗಿ ಸಹಿ ಹಾಕಿದರು.

"ದೂರಿಲ್ಲ ಅಂದ್ಮೇಲೆ ನನಗೇನು," ಎಂದು ಕಾರ್ಯದರ್ಶಿ ಸುರುಳಿ ಸುತ್ತಿಸಿದರು. "ಹೋಗೋ, ಮನೆಗೆ ಹೋಗು. ಇನ್ಮೇಲೆ ಉದ್ದ ಮೇಜಿರೋ ಊರಿಗೆ ಮಾತ್ರ ನಿನ್ನನ್ನ ಕಳಿಸೋದು."

ಓಡಿದೆ. ಮುಖ್ಯ ಬೀದಿಯ ಮರದ ಹಲಗೆಗಳ ಮೇಲೆ, ಕೆಸರಿನಲ್ಲಿ, ಬೇಲಿಗಳ ಪಕ್ಕದಲ್ಲಿ ಓಡಿದೆ. ನಾಯಿಗಳೆಲ್ಲ ಬೊಗಳಿದವು. ಎಷ್ಟು ಹಿತವಾಗಿತ್ತು ಆ ಸದ್ದು.

ತವರಿನಿಂದ ನಮ್ಮ ಮನೆಗೆ ಕರೆದುಕೊಂಡು ಬಂದ ಸಂಜೆ ಉಸ್ತಿನ್ಯಾ ಎಲೆಕೋಸಿನ ಸಾರು ಮಾಡಿ, ಕಪ್ಪು ರೊಟ್ಟಿ ಕುಯ್ದು ದೇವರ ಮೂಲೆಯ ಕೆಳಗೆ, ಗಂಡಸಿನ ಜಾಗದಲ್ಲಿ ನನಗೆ ತಟ್ಟೆ ಇಟ್ಟಳು. ತಾನು ಒಲೆಯ ಪಕ್ಕ ನಿಂತಳು. ನಾನು ತಟ್ಟೆ ಎತ್ತಿಕೊಂಡು ಮೇಜಿನ ಈಚೆ ಬದಿಗೆ ಬಂದು, ಸ್ಟೂಲು ಎಳೆದುಕೊಂಡು ಕೂತೆ. ನನ್ನ ಎದುರಿನ ಬೆಂಚನ್ನು ತೋರಿಸಿ ಅವಳಿಗೆ ಕೂರಲು ಹೇಳಿದೆ. ಆ ಬೆಂಚಿನ ತಲೆಯ ಮೇಲೆಯೇ ದೇವರ ಪಟವಿತ್ತು.

"ಅಲ್ಲಾ ರೀ, ಅದು ನಿಮ್ಮ ಜಾಗ. ನಾನು ಅಲ್ಲಿ ಕೂತ್ರೆ ನಮ್ಮಪ್ಪ ಏನಂದಾರು?"

"ನಿಮ್ಮಪ್ಪನಿಗೆ ಯಾರು ಹೇಳ್ತಾರೆ? ಕೂತ್ಕೋ."

ಅವಳು ಅಂಚಿನಲ್ಲಿ ಕೂತಳು, ಯಾವಾಗ ಬೇಕಾದರೂ ಏಳುವವಳಂತೆ. ಚಮಚ ಕೈಗೆ ತೆಗೆದುಕೊಂಡಳು. ಎಡಹುಬ್ಬಿನ ಮೇಲೆ ಅವಳಿಗೊಂದು ಸಣ್ಣ ಮಚ್ಚೆಯಿತ್ತು. ಐದು ವಾರ ಜೊತೆಗಿದ್ದೂ ನಾನದನ್ನು ಕಂಡಿರಲಿಲ್ಲ.

"ಏನ್ರೀ ಹಂಗೆ ನೋಡ್ತೀರಾ? ಸಾರು ಆರಿಹೋಗುತ್ತೆ."

"ಆರ್ಲಿ ಬಿಡು," ಎಂದೆ.